ಕಸವೆನಿಸಿದ ತೆಂಗಿನ ಮಟ್ಟೆಯೂ ತೋಟದ ಋಣವೂ

ತಿಪಟೂರು ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಅಲ್ಲಿಯ ಅಟ್ಟದ ಪರಿಚಯ ಇದ್ದೇ ಇರುತ್ತದೆ. ಬಲಿತ ತೆಂಗಿನಕಾಯಿಗಳನ್ನು ಮಟ್ಟೆಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದುದ್ದಕ್ಕೂ, ಅಲ್ಲಿಯೇ ಬಿಡುವುದು ಆ ಸೀಮೆಯ ವಾಡಿಕೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಅಲುಗಿಸಿದರೆ ಗಡಗಡ ಸದ್ದು ಮಾಡುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ತಿಳಿಯಬೇಕು. ಅನಂತರ ಮಟ್ಟೆ ಸುಲಿದು, ಚಿಪ್ಪು ಒಡೆದು, ಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುತ್ತಾರೆ. ಆ ಕೊಬ್ಬರಿಯ ಹಿರಿಮೆಯನ್ನು ಬಣ್ಣಿಸಿದವರು ಬಹಳ ಮಂದಿ ಇದ್ದಾರೆ. ಅದು ಬಿಟ್ಟುಹೋದ ಮಟ್ಟೆಯ ವೃತ್ತಾಂತವನ್ನು ಈ ಸಲ ಓದುಗರ ಮುಂದಿಡಬೇಕೆಂದಿದ್ದೇನೆ.

ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಮಟ್ಟೆಯನ್ನು ಯಾರೂ ಕಸವೆಂದು ಕರೆದದ್ದನ್ನು ಕೇಳಲಿಲ್ಲ. ಅದರ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಜುಂಗಿನಿಂದ ಪ್ರಸಾದದ ತಟ್ಟೆಗಳನ್ನು ನಾವೇ ಬೆಳಗುತ್ತಿದ್ದೆವು. ಬಚ್ಚಲ ಒಲೆಗೆ ಅದೇ ಉರುವಲು, ಒಲೆಯ ಬೂದಿ ಮತ್ತೆ ತೋಟಕ್ಕೆ. ಇಷ್ಟಾಗಿಯೂ ಉಳಿದ ಮಟ್ಟೆಯನ್ನು ಬೇಸಿಗೆಯ ಕಡೆಯಲ್ಲಿ ತೆಂಗಿನ ಸಾಲುಗಳ ನಡುವೆ ತೋಡಿದ ಕಾಲುವೆಗಳಲ್ಲಿ ಹೂಳುತ್ತಿದ್ದೆವು. ತೋಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನಮ್ಮ ಬೆನ್ನ ಹಿಂದೆ ನಿಂತು, "ಬೋರಲು ಹಾಕಬೇಡಿರೋ, ಬಟ್ಟಲಿನ ಹಾಗೆ ಅಂಗಾತ ಇಡಿ" ಎಂದು ಗದರುತ್ತಿದ್ದರು. ಅದು ಅವರ ಹಟವೆಂದು ನಾವು ಹುಡುಗರು ನಗುತ್ತಿದ್ದೆವು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ರೈತರಿಗೆ ಹೇಳುವ ಕ್ರಮವೂ ಇದೇ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಟೊಳ್ಳಿನ ಭಾಗ ಮೇಲಾಗುವಂತೆ ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚಿದರೆ ಮಟ್ಟೆಯು ತನ್ನ ತೂಕದ 3ರಿಂದ 5 ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಹೂಳಿದ್ದರ ಫಲ 5ರಿಂದ 7 ವರ್ಷಗಳವರೆಗೆ ನಿಲ್ಲುತ್ತದೆ.

ನೀರಿನ ಮಾತು ಹಾಗಿರಲಿ. ಮಟ್ಟೆಯಲ್ಲಿ ಅದಕ್ಕಿಂತಲೂ ಬೆಲೆಯುಳ್ಳ ಒಂದು ವಸ್ತುವಿದೆ, ಅದು ಪೊಟ್ಯಾಷ್. ತೆಂಗಿನ ಮರ ಭೂಮಿಯಿಂದ ಎಲ್ಲಕ್ಕಿಂತ ಹೆಚ್ಚಾಗಿ ಬೇಡುವ ಪೋಷಕಾಂಶ ಇದೇ. ಫಲಕ್ಕೆ ಬಂದ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ವಿಜ್ಞಾನಿಗಳ ಶಿಫಾರಸು. ಮರವು ಹೀಗೆ ಹೀರಿ ಕಾಯಿಗೆ ತುಂಬಿದ ಪೊಟ್ಯಾಷಿನಲ್ಲಿ ಬಹುಪಾಲು ತಿರುಳಿಗೂ ನೀರಿಗೂ ಹೋಗದೆ ಮಟ್ಟೆಯಲ್ಲಿಯೇ ಉಳಿಯುತ್ತದೆ. ಮುಂದೆ ಹೇಳುವ ಸಂಗತಿಗಳಿಗೆಲ್ಲ ಇದು ಆಧಾರವಾದುದರಿಂದ ಓದುಗರು ಇದನ್ನು ನೆನಪಿನಲ್ಲಿ ಇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಹಾಗಾದರೆ ಮಟ್ಟೆ ಕಸವಾದದ್ದು ಹೇಗೆ? ಮನೆಮನೆಯಲ್ಲಿ ಹರಡಿಕೊಂಡಿದ್ದುದು ಒಂದೆಡೆ ಗುಡ್ಡೆಯಾದಾಗ. ನಾರು ಬಿಡಿಸುವ ಯಂತ್ರಗಳು ಬಂದವು. ಲಾರಿಗಟ್ಟಲೆ ಮಟ್ಟೆ ಅಲ್ಲಿಗೆ ಸಾಗಿತು. ಮಟ್ಟೆಯಲ್ಲಿ ನಾರಿನ ಅಂಶ ನೂರಕ್ಕೆ 30ರಷ್ಟು ಮಾತ್ರ. ಮಿಕ್ಕ 70 ಭಾಗ ನಾರುಗಳ ನಡುವಿನ ಮೆತ್ತನೆಯ ಕಂದು ಪುಡಿ. ನಾರಿಗೆ ಗಿರಾಕಿಗಳಿದ್ದರು, ಪುಡಿಗೆ ಇರಲಿಲ್ಲ. ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಅದರಲ್ಲಿ ಹೇರಳವಾಗಿರುವುದರಿಂದ ಅದು ಬೇಗ ಕೊಳೆಯದು. ರಸ್ತೆ ಬದಿಯಲ್ಲಿ ಗುಡ್ಡಗಳಂತೆ ಬೆಳೆದು, ಬೇಸಿಗೆಯಲ್ಲಿ ಗಾಳಿಗೆ ಹಾರಿ, ಕಿಡಿ ತಾಗಿದರೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡಿ, ಮಳೆಗಾಲದಲ್ಲಿ ಚಹದ ಕಷಾಯದಂಥ ನೀರನ್ನು ಸುತ್ತಲಿನ ಹೊಲಗಳಿಗೆ ಹರಿಸುತ್ತಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಒಯ್ಯಬಹುದೆಂದು ಕಾರ್ಖಾನೆಯವರು ಹೇಳಿದರೂ ಒಯ್ಯುವವರಿಲ್ಲದ ಕಾಲವನ್ನು ನಾನೇ ನೋಡಿದ್ದೇನೆ.

ಅದಕ್ಕೆ ಬೆಲೆ ಬಂದುದು ದೂರದ ಯೂರೋಪಿನ ತೋಟಗಾರಿಕೆಯಿಂದ. ಅಲ್ಲಿಯ ಸಸ್ಯಾಗಾರಗಳಲ್ಲಿ ಸಸಿ ಬೆಳೆಸಲು ಪೀಟ್ ಎಂಬ ಕಪ್ಪು ಪದಾರ್ಥವನ್ನು ಬಳಸುವುದು ರೂಢಿ. ಚಳಿನಾಡಿನ ಜವುಗು ಪ್ರದೇಶಗಳಲ್ಲಿ ಪಾಚಿಯ ಜಾತಿಯ ಸಸ್ಯಗಳು ಅರೆಗೊಳೆತು ಶೇಖರವಾಗುವುದೇ ಪೀಟ್; ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಒಂದು ಮೀಟರ್ ಪೀಟ್ ತೆಗೆದರೆ ಸಾವಿರ ವರ್ಷಗಳ ಗಳಿಕೆಯನ್ನು ಕರಗಿಸಿದಂತಾಯಿತು. ಜವುಗು ನೆಲಗಳನ್ನು ಉಳಿಸಬೇಕೆಂಬ ಕೂಗು ಎದ್ದಾಗ ಬದಲಿ ವಸ್ತುವಾಗಿ ತೆಂಗಿನ ನಾರಿನ ಪುಡಿ ಅಲ್ಲಿಯವರ ಕಣ್ಣಿಗೆ ಬಿತ್ತು. ಪೂರ್ತಿ ಹೊಸದೇನೂ ಅಲ್ಲ. ಇಂಗ್ಲೆಂಡಿನ ತೋಟಗಾರರು 19ನೆಯ ಶತಮಾನದಲ್ಲಿಯೇ ಇದನ್ನು ಬಳಸಿ ಮರೆತಿದ್ದರು. ಈಗ ಅದನ್ನೇ ಒಣಗಿಸಿ, ಒತ್ತಿ, ಇಟ್ಟಿಗೆಯಂತೆ ಮಾಡಿ "ಕೋಕೋಪೀಟ್" ಎಂಬ ಹೆಸರಿನಲ್ಲಿ ಹಡಗುಗಳಿಗೆ ತುಂಬುತ್ತಾರೆ. 5 ಕಿಲೋ ತೂಕದ ಒಂದು ಹಲಗೆ ನೀರು ಕುಡಿದು ಸುಮಾರು 70 ಲೀಟರಿನಷ್ಟು ಪುಡಿಯಾಗಿ ಉಬ್ಬುವುದನ್ನು ಮಕ್ಕಳಿಗೆ ತೋರಿಸಿದರೆ ಇಂದ್ರಜಾಲವೆಂದೇ ಭಾವಿಸುತ್ತಾರೆ. ಬೆಂಗಳೂರಿನ ಮಹಡಿಗಳ ಮೇಲೆ ಕೈತೋಟ ಮಾಡುವ ತಾಯಂದಿರ ಮನೆಗೂ ಇದು ಬಂದಿದೆ.

ಇನ್ನು ನನ್ನ ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಜಾತ್ರೆಗೆ ಬರುವ ಭಕ್ತರಿಗೆ ಬಿಲ್ವದ ಸಸಿಗಳನ್ನು ಕೊಡುವುದೆಂದು ನಿಶ್ಚಯವಾಯಿತು. ಪ್ರಸಾದ ನಿಲಯದ ಕೈತೋಟಕ್ಕೆ ಮೆಣಸಿನ, ಬದನೆಯ ಸಸಿಗಳೂ ಬೇಕಿದ್ದವು. ಮಣ್ಣಿನ ಬದಲು ಈ ಪುಡಿಯನ್ನೇ ಬಳಸೋಣವೆಂದು ಸೂಚಿಸಿದವನು ನಾನೇ. ಒಬ್ಬ ವ್ಯಾಪಾರಿಯಿಂದ ಪುಡಿ ತರಿಸಿದೆವು. "ಹಾಗೆಯೇ ಬಳಸಬಹುದು, ಸಂಪೂರ್ಣ ಸಾವಯವ" ಎಂಬುದು ಆತನ ಭರವಸೆ. ಬೀಜಗಳು ಮೊಳೆತವು. ಎರಡೆಲೆ ಮೂಡಿದ ಮೇಲೆ ಮೆಣಸಿನ ಸಸಿಗಳ ಎಲೆಯಂಚು ಸುಟ್ಟಂತಾಗಿ, ಬೇರು ಕಂದಿ, ಹದಿನೈದು ದಿನಗಳಲ್ಲಿ ಮಡಿಗಳೆಲ್ಲ ಬರಿದಾದವು. ಬಿಲ್ವದ ಸಸಿಗಳಲ್ಲಿ ಬದುಕಿದವು ಕೈಬೆರಳಿನಲ್ಲಿ ಎಣಿಸುವಷ್ಟು. ಜಾತ್ರೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಕಾಯಿತು. ನೀರು ಹೆಚ್ಚಾಯಿತೆಂದು ಹುಡುಗರನ್ನು ಗದರಿದ್ದೆ. ಆ ಗದರಿಕೆ ಅನ್ಯಾಯದ್ದೆಂದು ಆಮೇಲೆ ತಿಳಿಯಿತು.

ದೋಷವಿದ್ದದ್ದು ಹಸಿ ಪುಡಿಯಲ್ಲಿ. ಮಟ್ಟೆಯಲ್ಲಿದ್ದ ಲವಣಗಳು ಪುಡಿಯಲ್ಲಿಯೇ ಉಳಿದಿರುತ್ತವೆ. ಕಡಲ ತೀರದಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ಮಟ್ಟೆಯಾದರೆ ಸೋಡಿಯಂ ಹೆಚ್ಚು. ಒಳನಾಡಿನದಾದರೆ ಪೊಟ್ಯಾಷಿಯಮ್ಮಿನ ಲವಣವೇ ಮುಖ್ಯ. ಹಣ್ಣುಮರಕ್ಕೆ ಅಮೃತವಾದದ್ದು ಎಳೆಯ ಸಸಿಯ ಬೇರಿಗೆ ಕುಂಡದಂಥ ಇಕ್ಕಟ್ಟಿನಲ್ಲಿ ವಿಷವಾಗುತ್ತದೆ. ಅಷ್ಟೇ ಅಲ್ಲದೆ ಈ ಪುಡಿಯ ಕಣಗಳು ಸೋಡಿಯಂ ಪೊಟ್ಯಾಷಿಯಮ್ಮುಗಳನ್ನು ಅಂಟಿಸಿಕೊಂಡು ಕುಳಿತಿರುತ್ತವೆ. ನಾವು ಕೊಟ್ಟ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ತಾವು ಹಿಡಿದುಕೊಂಡು ಅವನ್ನು ಸಸಿಯ ಕಡೆಗೆ ಬಿಡುತ್ತವೆ. ಟೊಮ್ಯಾಟೋ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದನ್ನು ಕೈತೋಟದವರು ಕಂಡಿರಬಹುದು. ಗಿಡಕ್ಕೆ ಕ್ಯಾಲ್ಸಿಯಂ ಸಾಲದೆ ಹೋದುದರ ಗುರುತದು. ಆದುದರಿಂದಲೇ ಒಳ್ಳೆಯ ತಯಾರಕರು ಪುಡಿಯನ್ನು ಸಿಹಿನೀರಿನಲ್ಲಿ ಹಲವು ಸಲ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆದು ಒಣಗಿಸುತ್ತಾರೆ. ಇಷ್ಟೆಲ್ಲ ಮಾಡಿದ ಸರಕಿನ ಬೆಲೆ ಹೆಚ್ಚು. ಮಾಡದೆ ಮಾಡಿದೆನೆನ್ನುವ ಸರಕೂ ಅದೇ ಹೊದಿಕೆಯಲ್ಲಿಯೇ ಬರುತ್ತದೆ.

ಮನೆಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ಪುಡಿಯನ್ನು ನೆನೆಸಿ ಹಿಂಡಿದ ನೀರು ಕಡುಕಂದು ಬಣ್ಣಕ್ಕಿದ್ದರೆ ತೊಳೆತ ಸಾಲದು. ತಿಳಿಯಾಗುವವರೆಗೆ ತೊಳೆದ ಮೇಲೆಯೂ ಒಂದು ಹಿಡಿಯಲ್ಲಿ ರಾಗಿಯನ್ನೋ ಹೆಸರುಕಾಳನ್ನೋ ಬಿತ್ತಿ, ಪಕ್ಕದಲ್ಲಿ ತೋಟದ ಮಣ್ಣಿನಲ್ಲಿಯೂ ಅದನ್ನೇ ಬಿತ್ತಿ, ಹತ್ತು ದಿನ ಹೋಲಿಸಿ ನೋಡಬೇಕು. ಇನ್ನೊಂದು ಮಾತು: ಚೆನ್ನಾಗಿ ತೊಳೆದ ಪುಡಿಯಲ್ಲಿ ಗಿಡ ಉಣ್ಣುವಂಥದು ಹೆಚ್ಚೇನೂ ಇರುವುದಿಲ್ಲ. ಅದು ಬೇರಿಗೆ ಹಾಸಿಗೆ, ಊಟವಲ್ಲ. ಮೂರನೆಯ ಒಂದು ಪಾಲಾದರೂ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಬೆರೆಸದೆ ಬರಿಯ ಪುಡಿಯಲ್ಲಿ ದಾಸವಾಳ ನೆಟ್ಟು ಹೂವಿಗಾಗಿ ಕಾಯುವುದು ವ್ಯರ್ಥ.

ಪುಡಿಯನ್ನೇ ಊಟವನ್ನಾಗಿಸುವ ಮಾರ್ಗವೂ ಇದೆ. ಕೇರಳದ ಆಲಪ್ಪುಳದ ಬಳಿ ಕಲವೂರಿನಲ್ಲಿರುವ ಕೇಂದ್ರೀಯ ತೆಂಗಿನ ನಾರು ಸಂಶೋಧನಾ ಸಂಸ್ಥೆಯು ಅಣಬೆಯ ಸಹಾಯದಿಂದ ಇದನ್ನು ಗೊಬ್ಬರವಾಗಿಸುವ ಕ್ರಮವನ್ನು ರೂಪಿಸಿ, ಅದಕ್ಕೆ ಬೇಕಾದ ಅಣಬೆ ಬೀಜವನ್ನು "ಪಿತ್ ಪ್ಲಸ್" ಎಂಬ ಹೆಸರಿನಿಂದ ಒದಗಿಸಿದೆ. ನಾವು ಪಲ್ಯಕ್ಕೆ ಬಳಸುವ ಚಿಪ್ಪು ಅಣಬೆಯ ಬಳಗವೇ ಇದು. ಬೇರೆ ಸೂಕ್ಷ್ಮಜೀವಿಗಳು ಮುಟ್ಟಲು ಹಿಂಜರಿಯುವ ಲಿಗ್ನಿನ್ನನ್ನು ಒಡೆಯುವುದು ಇಂಥ ಅಣಬೆಗಳ ವಿಶೇಷ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಸುಮಾರು ಒಂದೂವರೆ ಕಿಲೋ ಅಣಬೆ ಬೀಜ ಸಾಕು. ನೆರಳಿನಲ್ಲಿ ಒಂದು ಪದರ ಪುಡಿ ಹರಡಿ ಅಣಬೆ ಬೀಜ ಎರಚುವುದು, ಅದರ ಮೇಲಿನ ಪದರಕ್ಕೆ ಯೂರಿಯಾ, ಹೀಗೆ ಒಂದರ ಮೇಲೊಂದರಂತೆ ಹತ್ತು ಪದರಗಳು. ತೇವ ಆರದಂತೆ ನೀರು ಚಿಮುಕಿಸುತ್ತಿದ್ದರೆ ಒಂದು ತಿಂಗಳಿನಲ್ಲಿ ಕಂದು ಪುಡಿ ಕರ್ರಗಾಗಿ ಮಣ್ಣಿನ ವಾಸನೆ ಬರುತ್ತದೆ. ಪುಡಿಯಲ್ಲಿ ಮೊದಲು ಸಾರಜನಕದ ಒಂದು ಪಾಲಿಗೆ ಇಂಗಾಲ 112 ಪಾಲಿದ್ದುದು ಕೊನೆಗೆ 24 ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಗುಡ್ಡೆಯ ಗಾತ್ರವೂ ನೂರಕ್ಕೆ 40ರಷ್ಟು ತಗ್ಗುತ್ತದೆ. ನಮ್ಮ ಹುಡುಗರು ಕಳೆದ ಮಳೆಗಾಲದಲ್ಲಿ ಇದನ್ನು ಮಾಡಿ ನೋಡಿದರು. ತಿಂಗಳೆಂಬುದು ನಮ್ಮಲ್ಲಿ ಐವತ್ತು ದಿನವಾಯಿತು. ನಡುವೆ ಒಂದು ವಾರ ನೀರು ಹಾಕಲು ಮರೆತಿದ್ದರು.

ಕುಂಡಗಳ ವಿಚಾರಕ್ಕೆ ಬರೋಣ. ಸಸಿಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳೆಸುವುದು ಎಲ್ಲೆಡೆ ರೂಢಿ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗಲೂ, ಸರ್ಕಾರಿ ಇಲಾಖೆಗಳ ಬೇಡಿಕೆಯ ಮೇರೆಗೆ ಅರಣ್ಯ ಮತ್ತು ತೋಟಗಾರಿಕೆ ನರ್ಸರಿಗಳಿಗೆ ತಯಾರಾಗುವ ಚೀಲಗಳಿಗೆ ವಿನಾಯಿತಿ ಇತ್ತಿತು. ಬದಲಿ ವಸ್ತು ಸುಲಭವಾಗಿ ದೊರೆಯದಿದ್ದಾಗ ಅದು ಸಹಜವೇ. ಆದರೆ ನೆಡುವ ಉತ್ಸಾಹದಲ್ಲಿ ಚೀಲವನ್ನು ಹರಿಯದೆ ಗುಂಡಿಗಿಳಿಸುವವರನ್ನು ಪ್ರತಿ ವನಮಹೋತ್ಸವದಲ್ಲಿಯೂ ನೋಡುತ್ತೇನೆ. ಮಠದ ಹಿಂದೆ ಐದು ವರ್ಷ ನಿಂತು ಒಂದು ಗಾಳಿಗೆ ಉರುಳಿದ ಹೊಂಗೆಯ ಬುಡ ಅಗೆಸಿದಾಗ, ಬೇರುಗಳೆಲ್ಲ ಚೀಲದ ಆಕಾರದಲ್ಲಿಯೇ ಸಿಂಬಿಯಂತೆ ಸುತ್ತಿಕೊಂಡಿದ್ದವು. ಚೀಲ ಮಾತ್ರ ನೆಟ್ಟ ದಿನದಂತೆಯೇ ಇತ್ತು.

ಇದಕ್ಕೆ ತೆಂಗಿನ ನಾರಿನ ಕುಂಡ ಉತ್ತಮ ಬದಲಿ. ನಾರನ್ನು ಹರಡಿ, ರಬ್ಬರ್ ಮರದ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಕುಂಡದ ಗೋಡೆಯೇ ಉಸಿರಾಡುವುದರಿಂದ ಹೊರಗೆ ಇಣುಕಿದ ಬೇರಿನ ತುದಿ ಗಾಳಿಗೆ ಒಣಗಿ, ಒಳಗೆ ಹೊಸ ಕವಲುಗಳು ಒಡೆಯುತ್ತವೆ, ಸುತ್ತಿಕೊಳ್ಳುವುದಿಲ್ಲ. ಕುಂಡಸಮೇತ ನೆಡಬಹುದು. ಇಲ್ಲಿ ಒಂದು ಎಚ್ಚರವನ್ನು ಹೇಳದಿರಲಾರೆ. "ಮಣ್ಣಿನಲ್ಲಿ ಕರಗುತ್ತದೆ" ಎಂಬ ಮಾತಿಗೆ ಎಷ್ಟು ಕಾಲದಲ್ಲಿ, ಎಂಥ ಮಣ್ಣಿನಲ್ಲಿ ಎಂಬ ಪ್ರಶ್ನೆ ಸೇರಲೇಬೇಕು. ಕಬ್ಬಿನ ಸಿಪ್ಪೆಯನ್ನು ಅರೆದು ಮಾಡಿದ ತೆಳು ಬಟ್ಟಲು ತೇವವಿದ್ದರೆ ಕೆಲವು ವಾರಗಳಲ್ಲಿ ಮೆತ್ತಗಾಗಿಬಿಡುತ್ತದೆ. ತರಕಾರಿ ಸಸಿಗೆ ಅದು ಹೊಂದುತ್ತದೆ. ತೆಂಗಿನ ನಾರು ಲಿಗ್ನಿನ್ನಿನ ಬಲದಿಂದ ವರ್ಷ ತಾಳುತ್ತದೆ. ನಿಧಾನವಾಗಿ ಬೆಳೆಯುವ ಬಿಲ್ವಕ್ಕೆ, ಮಾವಿಗೆ ಅದು ಯೋಗ್ಯ. ಒಣನೆಲದಲ್ಲಿ ನೆಟ್ಟು ನೀರು ಕೊಡದಿದ್ದರೆ ಇನ್ನೂ ಹೆಚ್ಚು ಕಾಲ ಉಳಿದೀತು.

ಆಹಾರ ಪಾನೀಯಗಳ ಉದ್ಯಮದಲ್ಲಿ ಹೀಗೆ ಉಳಿಯುವ ಪದಾರ್ಥಗಳು ಇನ್ನೂ ಎಷ್ಟೋ ಇವೆ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕಾಫಿಹಣ್ಣಿನ ಸಿಪ್ಪೆ ರಾಶಿ ಬೀಳುತ್ತದೆ. ಅದರಲ್ಲಿರುವ ಕೆಫೀನ್ ಮತ್ತು ಒಗರಿನ ಅಂಶಗಳು ಎಳೆಯ ಸಸಿಗೆ ಆಗದುದರಿಂದ ಅದನ್ನೂ ಚೆನ್ನಾಗಿ ಕಳಿಸದೆ ಬಳಸಲಾಗದು. ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಅರೆದ ನೂರು ಟನ್ ಕಬ್ಬಿಗೆ ಮೂರು ನಾಲ್ಕು ಟನ್ನಿನಷ್ಟು ಪ್ರೆಸ್ ಮಡ್ ಉಳಿಯುತ್ತದೆ. ಹಸಿಯಾಗಿ ಹಾಕಿದರೆ ಕಾವೇರಿ ಬೇರನ್ನು ಬೇಯಿಸುವ ಅದು ಕಳಿತ ಮೇಲೆ ಉತ್ತಮ ಗೊಬ್ಬರ. ಎಳನೀರಿನ ಬುರುಡೆ ಬೇರೆಯೇ ತೊಡಕು: ಮದ್ದೂರಿನ ಮಾರುಕಟ್ಟೆಯಿಂದ ನಗರಗಳಿಗೆ ಹೋದ ಎಳನೀರು ಕುಡಿದವರು ಬುರುಡೆಯನ್ನು ಬೀದಿಯಲ್ಲಿ ಬಿಡುತ್ತಾರೆ. ಅದರಲ್ಲಿ ನೀರಿನಂಶ ವಿಪರೀತ, ನಾರು ಇನ್ನೂ ಎಳೆಯದು. ಒಣಮಟ್ಟೆಯ ಯಂತ್ರಗಳಿಗೆ ಅದು ಒಗ್ಗದು, ಕೊಚ್ಚಿ ಕಳಿಸುವುದೇ ದಾರಿ.

ಸಕ್ಕರೆ ಉದ್ಯಮದ ಇನ್ನೊಂದು ಸಂಗತಿ ನಮ್ಮ ಮಟ್ಟೆಯ ಲೆಕ್ಕಕ್ಕೆ ಹತ್ತಿರವಾದುದು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಪ್ಪು ನೀರನ್ನು ಸುಟ್ಟರೆ ಬರುವ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ. ಅದರಿಂದ ಮಾಡಿದ, ನೂರಕ್ಕೆ 14.5ರಷ್ಟು ಪೊಟ್ಯಾಷ್ ಇರುವ ಗೊಬ್ಬರಕ್ಕೆ ಕೇಂದ್ರ ಸರ್ಕಾರ ಸಹಾಯಧನದ ಮಾನ್ಯತೆ ಕೊಟ್ಟು, 2024ರ ಜನವರಿಯಲ್ಲಿ ಕಾರ್ಖಾನೆಗಳು ಅದನ್ನು ಟನ್ನಿಗೆ 4263 ರೂಪಾಯಿಯಂತೆ ಗೊಬ್ಬರದ ಕಂಪನಿಗಳಿಗೆ ಮಾರುವ ಏರ್ಪಾಟಿಗೆ ನೆರವಾಯಿತು. ನಮ್ಮ ದೇಶದಲ್ಲಿ ಪೊಟ್ಯಾಷ್ ಗೊಬ್ಬರಕ್ಕೆ ಹೊರದೇಶಗಳೇ ಗತಿಯಾಗಿರುವಾಗ ಇದು ವಿವೇಕದ ಕೆಲಸ.

ಅದೇ ವಿವೇಕವನ್ನು ತೆಂಗಿನ ತೋಟಕ್ಕೆ ಅನ್ವಯಿಸಿದರೆ ಏನು ಕಾಣುತ್ತದೆ? ರೈತ ಮಟ್ಟೆಯನ್ನು ಅಲ್ಪ ಬೆಲೆಗೆ ಮಾರುತ್ತಾನೆ. ಅದರೊಂದಿಗೆ ತೋಟದ ಪೊಟ್ಯಾಷ್ ಲಾರಿ ಹತ್ತುತ್ತದೆ. ಪುಡಿ ಮಾಡುವವರು ಅದನ್ನೇ ದೋಷವೆಂದು ತೊಳೆದು ಚರಂಡಿಗೆ ಬಿಡುತ್ತಾರೆ. ಅತ್ತ ರೈತ ಮರಕ್ಕೆ ವರ್ಷಕ್ಕೆರಡು ಕಿಲೋದಂತೆ, ಹಡಗಿನಲ್ಲಿ ಬಂದ ಪೊಟ್ಯಾಷನ್ನು ಚೀಲದ ಬೆಲೆ ಕೊಟ್ಟು ತರುತ್ತಾನೆ. ಕೊಳ್ಳಲಾಗದವನು ಹಾಗೆಯೇ ಬಿಡುತ್ತಾನೆ, ಮರ ಸೊರಗುತ್ತದೆ. ತೊಳೆದ ನೀರೂ ಸುಮ್ಮನಿರುವುದಿಲ್ಲ. ಇಂಥ ಘಟಕಗಳು ದಟ್ಟವಾಗಿರುವ ತಮಿಳುನಾಡಿನ ಪೊಳ್ಳಾಚಿಯ ಸುತ್ತ ಬಾವಿಗಳ ನೀರು ಬಣ್ಣಗೆಟ್ಟಿತೆಂದು ರೈತರು ದೂರಿದ್ದು ಇದೇ ಕಾರಣಕ್ಕೆ. ಕಸದಿಂದ ರಸವೆಂದು ನಾವು ಹೊಗಳುವ ಉದ್ಯಮದ ಈ ಮಗ್ಗುಲನ್ನು ಮಾರಾಟದ ಹೊದಿಕೆಯ ಮೇಲೆ ಯಾರೂ ಅಚ್ಚು ಮಾಡುವುದಿಲ್ಲ.

ಉದ್ಯಮ ಬೇಡವೆನ್ನುವವನು ನಾನಲ್ಲ. ನಾರು ಬಿಡಿಸುವ ಘಟಕಗಳಲ್ಲಿ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ದುಡಿದು ಮನೆ ನಡೆಸುತ್ತಿದ್ದಾರೆ. ಆ ಕಾಯಕವನ್ನು ಹಗುರವಾಗಿ ಕಾಣಬಾರದು. ಪೀಟಿಗಾಗಿ ಜವುಗು ನೆಲಗಳನ್ನು ಅಗೆಯುವುದು ತಪ್ಪುವುದಾದರೆ ಅದೂ ಒಳ್ಳೆಯದೇ. ಆದರೆ ತೋಟದ ಪಾಲನ್ನು ಮೊದಲು ತೆಗೆದಿರಿಸಿ ಉಳಿದುದನ್ನು ಮಾರಬೇಕೆಂಬುದು ನನ್ನ ಅಭಿಪ್ರಾಯ. ಪಾಲೆಷ್ಟೆಂಬುದನ್ನು ಅವರವರ ನೆಲ ನೋಡಿ ನಿರ್ಧರಿಸಬೇಕು. ಕಲ್ಲುಭೂಮಿಯ ಖುಷ್ಕಿ ತೋಟಕ್ಕೆ ಪೂರ್ತಿ ಮಟ್ಟೆಯೂ ಸಾಲದು. ಗೋಡು ಮಣ್ಣಿನ ನೀರಾವರಿ ತೋಟದವರು ಹೆಚ್ಚು ಮಾರಿಯಾರು.

ನಮ್ಮ ಮಠದ ತೋಟದಲ್ಲಿ ಈಗ ಅರ್ಧ ಮಟ್ಟೆಯನ್ನು ಹೂಳುತ್ತೇವೆ, ಅರ್ಧವನ್ನು ಕೊಡುತ್ತೇವೆ. ನರ್ಸರಿಗೆ ಬೇಕಾದ ಪುಡಿಯನ್ನು ತೊಳೆಯುವ ತೊಟ್ಟಿಯನ್ನು ತೆಂಗಿನ ಸಾಲಿನ ತಲೆಯಲ್ಲಿಯೇ ಕಟ್ಟಿಸಿದ್ದೇವೆ. ಮೊದಲ ತೊಳೆತದ ಕಂದು ನೀರು ಬಾವಿಯ ನೀರಿನೊಡನೆ ಬೆರೆತು ಪಾತಿಗಳಿಗೆ ಹರಿಯುತ್ತದೆ, ದಿನಕ್ಕೊಂದು ಪಾತಿಯಂತೆ. ಕಳೆದ ಜಾತ್ರೆಯಲ್ಲಿ ನಾರಿನ ಕುಂಡದ ಬಿಲ್ವದ ಸಸಿಗಳನ್ನು ಕೊಟ್ಟೆವು. ತಿಂಗಳ ಹಿಂದೆ ಅರಸೀಕೆರೆಯ ಕಡೆಯ ಭಕ್ತರೊಬ್ಬರು ಬಂದು, ತಮ್ಮ ಮನೆಯ ಸಸಿ ಮೊಣಕಾಲೆತ್ತರವಾಗಿದೆಯೆಂದೂ, ಕುಂಡ ಕರಗಿತೋ ಇಲ್ಲವೋ ಎಂದು ಮೊಮ್ಮಗ ಬುಡ ಕೆದಕಿ ನೋಡಿದಾಗ ನಾರಿನೊಳಗಿಂದ ಬಿಳಿಯ ಬೇರುಗಳು ಹೊರಬಂದಿದ್ದವೆಂದೂ ಹೇಳಿದರು. ಇನ್ನೊಮ್ಮೆ ಕೆದಕದಂತೆ ಹುಡುಗನಿಗೆ ತಿಳಿಸಿರೆಂದು ಹೇಳಿ ಕಳುಹಿಸಿದೆ.